ಅಜ್ಜಿಗಾಗಿ ಕಾದ ಲಿಯೆಮ್ ತಾತ

ಬಿಲಾಕ್ಸಿ ಬಂದರಿನ ಸಿಗಡಿ ದೋಣಿಯವರಿಗೆ ಮೈಗೆ ಏನೇ ಆದರೂ ಮೊದಲು ನೆನಪಾಗುತ್ತಿದ್ದುದು ಖ್ವೆಯ ತಾತ ಲಿಯೆಮ್. ವಿಯೆಟ್ನಾಮಿನ ಯುದ್ಧದಲ್ಲಿ ಗಾಯಾಳುಗಳಿಗೆ ಪಟ್ಟಿ ಕಟ್ಟುತ್ತಿದ್ದ ಮನುಷ್ಯ, ಅಮೆರಿಕಕ್ಕೆ ಬಂದಮೇಲೆ ಹಗಲೆಲ್ಲ ಶೆಡ್ಡಿನಲ್ಲಿ ನಿಂತು ಸಿಗಡಿಯ ತಲೆ ಕೀಳುತ್ತಿದ್ದ. ಸಂಜೆಯಾದರೆ ಅವನ ಅಡುಗೆಮನೆ ತುಂಬ ಜನ. ಕೈಗೆ ಗಾಳ ಚುಚ್ಚಿಸಿಕೊಂಡವನು, ಜ್ವರದ ಮಗು, ಇಂಗ್ಲಿಷ್ ಬಾರದ ಬಸುರಿ.

"ಕಿರುಚ್ಬೇಡವೋ, ಮೀನು ಕೂಡ ಇಷ್ಟು ಒದ್ದಾಡಲ್ಲ" ಎಂದು ಗದರುತ್ತಲೇ ಗಾಳ ಬಿಡಿಸುತ್ತಿದ್ದ. ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ದು, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಅವಳ ಪರವಾಗಿ ಮಾತಾಡಿ, ಹೆರಿಗೆ ಆಗುವವರೆಗೂ ಬೆಂಚಿನ ಮೇಲೆ ಕೂತಿರುತ್ತಿದ್ದ.

ದೇಶ ಬಿಟ್ಟು ದೋಣಿ ಹತ್ತುವಾಗ ಅವನ ಜೊತೆಗಿದ್ದದ್ದು ಪುಟ್ಟ ಮಗ ಕ್ವಾನ್ ಒಬ್ಬನೇ. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಬರಲು ಹೆಂಡತಿ ಥೋವಾಗೆ ಮನಸ್ಸಾಗಲಿಲ್ಲ. "ನೀವು ಮುಂದೆ ನಡೀರಿ, ಹಿಂದೇನೇ ಬರ್ತೀನಿ" ಅಂದಿದ್ದಳಂತೆ. ಆ 'ಹಿಂದೇನೇ' ಹದಿಮೂರು ವರ್ಷವಾಯಿತು. ಇನ್ನೊಂದು ಮದುವೆ ಮಾಡಿಕೋ ಎಂದವರಿಗೆ ತಾತ, "ನನಗೆ ಮದುವೆ ಆಗಿದೆಯಲ್ಲಯ್ಯಾ" ಎಂದಷ್ಟೇ ಹೇಳಿ, ಮಗನ ತಟ್ಟೆ ತೊಳೆಯಲು ಏಳುತ್ತಿದ್ದ.

ಕಡೆಗೂ ಅಜ್ಜಿ ವಿಮಾನ ಇಳಿದ ದಿನದ ಕಥೆಯನ್ನು ಕ್ವಾನನ ಮಗಳು ಖ್ವೆ ಊಟದ ಹೊತ್ತಿನಲ್ಲಿ ಎಷ್ಟು ಸಲ ಕೇಳಿದ್ದಳೋ. ಅಜ್ಜಿ ನೆಟ್ಟಗೆ ಬಂದವಳು, ಎತ್ತರಕ್ಕೆ ಬೆಳೆದು ನಿಂತಿದ್ದ ಮಗನ ಕೈ ಹಿಡಿದು, "ಚೂರೂ ಬದಲಾಗಿಲ್ಲ ನೀವು" ಅಂದುಬಿಟ್ಟಿದ್ದಳು.

"ನಾನು ಪಕ್ಕದಲ್ಲೇ ನಿಂತಿದ್ದೆ. 'ಈ ಮುದುಕನ್ನೂ ಒಂದ್ಸಲ ನೋಡೇ' ಅಂದೆ!" ಎಂದು ತಾತ ನಗುತ್ತಿದ್ದ.

"ಅತ್ತೂ ಅತ್ತೂ ಕಣ್ಣು ಮಂಜಾಗಿತ್ತು ಕಣ್ರೀ. ಸಾಕು, ಮೀನು ಆರ್ತಿದೆ, ತಿನ್ನಿ" ಎಂದು ಅಜ್ಜಿ ಅವನ ಬಟ್ಟಲಿಗೆ ಇದ್ದುದರಲ್ಲಿ ಒಳ್ಳೆಯ ತುಂಡು ಹಾಕುತ್ತಿದ್ದಳು.

ಖ್ವೆ ಹೈಸ್ಕೂಲಿನಲ್ಲಿದ್ದಾಗ ಅಜ್ಜಿಗೆ ಲಕ್ವ ಹೊಡೆಯಿತು. ತಲೆ ಬಾಚುವುದು, ಗಂಜಿ ಕುಡಿಸುವುದು, ಮಗ್ಗುಲು ಹೊರಳಿಸುವುದು ಎಲ್ಲ ತಾತನೇ.

"ಸ್ವಲ್ಪ ಮಲಕ್ಕೋ ತಾತ, ನಾನು ನೋಡ್ಕೋತೀನಿ" ಅಂದಳು ಖ್ವೆ.

"ಬೇಡ ಪುಟ್ಟಿ. ಇವಳು ಒಬ್ಬಳೇ ಇದ್ದ ಅಷ್ಟೂ ವರ್ಷದ ಕೆಲಸ ಬಾಕಿ ಇದೆ ನಂದು."

ಅಜ್ಜಿ ಹೋದಮೇಲೂ ಜನ ಬರುತ್ತಿದ್ದರು, ತಾತ ನೋಡುತ್ತಿದ್ದ. ಆದರೆ ಗದರುವುದು ನಿಂತಿತ್ತು. ಮುಂದಿನ ಚಳಿಗಾಲ ಮುಗಿಯುವ ಮೊದಲೇ, ಮಲಗಿದಲ್ಲೇ ಹೋದ.

ತಾತನ ವರ್ಷದ ತಿಥಿಗೆ ಮನೆ ತುಂಬಿತು. ಖ್ವೆ ಇಬ್ಬರ ಫೋಟೋದ ಮುಂದೆ ಅನ್ನ, ಹುಳಿಸಾರು, ಹಂದಿಮಾಂಸದ ಪಲ್ಯ ಇಟ್ಟು, ಊದುಬತ್ತಿ ಹಚ್ಚಿ ಅವರನ್ನು ಊಟಕ್ಕೆ ಕರೆದಳು. ಬತ್ತಿ ಉರಿದು ಮುಗಿಯುವವರೆಗೆ ತೀರಿಹೋದ ಹಿರಿಯರು ಪಂಕ್ತಿಯಲ್ಲಿರುತ್ತಾರೆಂದು ನಂಬಿಕೆ. ಆಮೇಲೆ ಉಳಿದವರ ಸರದಿ.

"ಹೊಟ್ಟೆ ಚುರುಗುಟ್ತಿದೆ ಕಣೇ ಖ್ವೆ! ತಾತಂದು ಇನ್ನೂ ಆಗ್ಲಿಲ್ವಾ?" ಎಂದು ನೆಂಟರ ಹುಡುಗನೊಬ್ಬ ಕೂಗಿದ.

ಬತ್ತಿ ಆಗಲೇ ಬೂದಿಯಾಗಿತ್ತು. "ಇನ್ನೂ ಸ್ವಲ್ಪ ಇರೋ" ಎಂದು ಖ್ವೆ ಇನ್ನೊಂದು ಹಚ್ಚಿದಳು. ಕ್ವಾನ್ ಅದನ್ನು ನೋಡಿದ. ಅನ್ನ ಆರದಿರಲೆಂದು ಪಾತ್ರೆಗೆ ಮುಚ್ಚಳ ಮುಚ್ಚಿ ಮಗಳ ಪಕ್ಕದಲ್ಲಿ ಬಂದು ಕೂತ.