ಕೆಂಚವ್ವನ ಉಳಿ ಮಾಡದ ತೂತು

ಕಾಗವಾಡದಿಂದ ಮಿರಜಿಗೆ ಹೋಗುವ ರಸ್ತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಹಾದಂಗಡಿಯವನು ಸ್ಟೋವಿಗೆ ಗಾಳಿ ಹೊಡೆಯುತ್ತಿದ್ದಾನೆ. ಕಬ್ಬು ಹೇರಿಕೊಂಡ ಎತ್ತಿನ ಗಾಡಿಗಳು ಕಾರ್ಖಾನೆಯ ದಾರಿ ಹಿಡಿದಿವೆ. ಪಾರಿಸ ಎಂಬವರ ಗ್ಯಾರೇಜಿನಲ್ಲಿ ಒಂದು ಟ್ರಕ್ಕು ನಿಂತಿದೆ, ಅದರ ಹೊಟ್ಟೆಯ ಕೆಳಗಿನಿಂದ ಕೆರ್ ಕೆರ್ ಎಂಬ ಸದ್ದು ಬರುತ್ತಿದೆ. ಬಗ್ಗಿ ನೋಡಿದರೆ ಮೊದಲು ಕಾಣುವುದು ಎರಡು ಪಾದ, ಸವೆದ ಕಾಲುಂಗುರ, ಗೋಣಿತಾಟಿನ ತುದಿ. 1991ರ ಜನವರಿಯ ಈ ಚಳಿಯಲ್ಲಿ ನೆಲಕ್ಕೆ ಬೆನ್ನು ಹಚ್ಚಿ ಮಲಗಿ ಕೆಲಸ ಮಾಡುತ್ತಿರುವ ಈ ಹೆಣ್ಣುಮಗಳ ಹೆಸರು ಕೆಂಚವ್ವ.

ಕರೆದಾಗ ಅಂಗಾತ ಜಾರಿಕೊಂಡೇ ಹೊರಗೆ ಬರುತ್ತಾರೆ. ತಲೆಗೆ ಬಟ್ಟೆ ಬಿಗಿದಿದ್ದಾರೆ. ಹುಬ್ಬು, ಮೂಗು, ಕತ್ತಿನ ನೆರಿಗೆ ಎಲ್ಲವೂ ಕೆಂಪು. ಕುಂಕುಮದ ಚೀಲ ಮೈಮೇಲೆ ಸುರುವಿಕೊಂಡಂತೆ ಕಾಣುತ್ತಾರೆ. ಪತ್ರಿಕೆಗೆ ಬರೆಯಲು ಬಂದ ನನ್ನನ್ನು ಮೇಲಿಂದ ಕೆಳಗೆ ನೋಡಿ ಮೊದಲ ಮಾತಿಗೇ ಕಿಚಾಯಿಸುತ್ತಾರೆ.

"ಬಿಳಿ ಅಂಗಿ ಹಾಕ್ಕೊಂಡ ಬಂದೀರಲ್ರಿ! ದೂರ ನಿಂದರ್ರಿ. ಈ ಜಂಗ ಅಂಗಿಗೆ ಹತ್ತಿದ್ರ ಜಿಗಟ, ಬಿಡೂದಿಲ್ಲ. ನಾಳೆ ನಿಮ್ಮ ಮನ್ಯಾಗಿನವರು ನನ್ನ ಬೈತಾರ."

ಈ ಕಡೆಯವರಿಗೆ ತುಕ್ಕು ಎಂದರೆ ಜಂಗು. ಹಳೆಯ ಟ್ರಕ್ಕುಗಳ ಜಂಗನ್ನು ಉಳಿ, ಸುತ್ತಿಗೆ, ತಂತಿಯ ಬ್ರಷ್ಷು ಹಿಡಿದು ಕೆರೆದು ತೆಗೆಯುವುದು ಕೆಂಚವ್ವನ ಕೆಲಸ. ಅವರು ಕೆರೆದ ಮೇಲೆಯೇ ವೆಲ್ಡರು ಬರುತ್ತಾನೆ, ಆಮೇಲೆ ಪುಟ್ಟಿ ಹಚ್ಚುವವನು, ಕೊನೆಗೆ ಬಣ್ಣದವನು. ಬಣ್ಣದವನು ಟ್ರಕ್ಕಿನ ಬೆನ್ನಿಗೆ ನವಿಲು, ಕಮಲ ಬಿಡಿಸಿ ಮೂಲೆಯಲ್ಲಿ ತನ್ನ ಹೆಸರನ್ನೂ ಬರೆಯುತ್ತಾನೆ. ವೆಲ್ಡರನಿಗೆ ಮಿಸ್ತ್ರಿ ಎಂಬ ಮರ್ಯಾದೆ ಇದೆ. ಕೆಂಚವ್ವನಿಗೆ ಇಡೀ ಗ್ಯಾರೇಜು ಸಾಲಿನಲ್ಲಿ ಇರುವ ಹೆಸರು "ಕೆರಿಯಾಕಿ". ವೆಲ್ಡರನಿಗೆ ದಿನಕ್ಕೆ ಐವತ್ತು ರೂಪಾಯಿ ಕೂಲಿ, ಕೆಂಚವ್ವನಿಗೆ ಹದಿನೆಂಟು. ಯಾಕೆ ಎಂದು ಕೇಳಿದರೆ ಪಾರಿಸ ಅವರು, "ಕೆರಿಯೂದಕ್ಕ ಏನ ಕಲೀಬೇಕ್ರಿ?" ಎನ್ನುತ್ತಾರೆ. ಹಾಗಿದ್ದರೆ ತಾವೇ ಒಂದು ದಿನ ಕೆಳಗೆ ಮಲಗಿ ಕೆರೆಯಬಹುದಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

ಕೆಂಚವ್ವ ಜಂಗಿನ ಗುಣ ಕಲಿತದ್ದು ದ್ರಾಕ್ಷಿ ತೋಟದಲ್ಲಿ. ಅವರ ಗಂಡ ಲಗಮಣ್ಣ ತೋಟವೊಂದರ ಕಾವಲುಗಾರ. ಬಳ್ಳಿ ಹಬ್ಬಿಸುವ ಚಪ್ಪರದ ಕಬ್ಬಿಣದ ಕಂಬಗಳಿಗೆ ಔಷಧಿ ಬಿದ್ದು ಬಿದ್ದು ತುಕ್ಕು ಹಿಡಿಯುತ್ತದೆ. ಆ ಕಂಬಗಳನ್ನು ಕೆರೆದು ಬಣ್ಣ ಬಳಿಯುವ ಕೆಲಸ ಹೆಂಗಸರದು. ಕೆಂಚವ್ವ ಕೆರೆದ ಕಂಬ ಬೇಗ ಹಾಳಾಗುವುದಿಲ್ಲ ಎಂದು ಕಂಡ ಪಾರಿಸ ಅವರೇ ಎಂಟು ವರ್ಷದ ಹಿಂದೆ ಗ್ಯಾರೇಜಿಗೆ ಕರೆತಂದರು. ಇಷ್ಟು ವರ್ಷದಲ್ಲಿ ಕಣ್ಣಿಗೆ ಎಷ್ಟು ಸಲ ತುಕ್ಕಿನ ಚೂರು ಬಿದ್ದಿದೆಯೋ ಲೆಕ್ಕವಿಲ್ಲ. ಕೆಮ್ಮಿದರೆ ಕಫವೂ ಕೆಂಪು. ಡಾಕ್ಟರರು ಮೂಗಿಗೆ ಬಟ್ಟೆ ಕಟ್ಟಿಕೋ ಎಂದಿದ್ದಾರೆ.

"ಕಟ್ಟತೇನ್ರಿ. ಆದ್ರ ಬಾಯಿ ಮುಚ್ಚಿದ್ರ ತಂಬಾಕ ಹೆಂಗ ಹಾಕ್ಕೊಳ್ಳಿ?" ಎಂದು ನಗುತ್ತಾರೆ.

ಇಷ್ಟೇ ಆಗಿದ್ದರೆ ಇದು ಒಬ್ಬ ಕಷ್ಟಜೀವಿಯ ಕತೆಯಾಗಿ ಮುಗಿಯುತ್ತಿತ್ತು, ನಾನೂ ಚಹಾ ಕುಡಿದು ಬಸ್ಸು ಹತ್ತುತ್ತಿದ್ದೆ. ಆದರೆ ಕಳೆದ ದಸರೆಯಲ್ಲಿ ಇದೇ ಗ್ಯಾರೇಜಿನಲ್ಲಿ ನಡೆದದ್ದನ್ನು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗುತ್ತಿಲ್ಲ.

ಅಣ್ಣಾಸಾಬ ಎಂಬ ಕಬ್ಬಿನ ಹೊಲದ ದೊಡ್ಡ ರೈತರ ಬಳಿ ಒಂದು ಹಳೆಯ ಟ್ರಕ್ಕಿತ್ತು. ಅವರ ತಂದೆ ಕೊಂಡದ್ದು, ಮನೆಗೆ ಲಕ್ಷ್ಮಿ ತಂದ ಗಾಡಿ ಎಂಬ ನಂಬಿಕೆಯದು. ಅದು ವರ್ಷಗಟ್ಟಲೆ ನಿಪ್ಪಾಣಿಯ ತಂಬಾಕು ಹೊತ್ತು ಕೊಂಕಣಕ್ಕೆ ಇಳಿದು, ಬರುವಾಗ ಉಪ್ಪು ಹೇರಿಕೊಂಡು ಬಂದಿತ್ತು. ಆಮೇಲೆ ಗೊಬ್ಬರ ಹೊತ್ತಿತು. ಈಚಿನ ವರ್ಷಗಳಲ್ಲಿ ಅದಕ್ಕೆ ಇನ್ನೊಂದು ಕೆಲಸ. ಕಬ್ಬಿನ ಹಂಗಾಮು ಶುರುವಾಗುವ ಮೊದಲು ಜತ್ತಿನ ಕಡೆಯ ಹಳ್ಳಿಗಳಿಗೆ ಹೋಗಿ ಕಬ್ಬು ಕಡಿಯುವವರ ಟೋಳಿಯನ್ನು ತರುವುದು. ಟೋಳಿ ಎಂದರೆ ಗಂಡ, ಹೆಂಡತಿ, ಮೊಲೆಕೂಸು, ಮುದುಕರು, ಕೋಳಿ, ಪಾತ್ರೆ ಎಲ್ಲ ಸೇರಿ ನಲವತ್ತು ಜನರ ಒಂದು ಸಂಸಾರ. ಎಲ್ಲರೂ ಆ ಟ್ರಕ್ಕಿನ ಹಿಂಬದಿಯಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತು ಬರಬೇಕು.

ಮಳೆಗಾಲ ಮುಗಿದಾಗ ಆ ಟ್ರಕ್ಕು ಪಾರಿಸರ ಗ್ಯಾರೇಜಿಗೆ ಬಂತು. ಮೇಲಿನ ಜಂಗು ತೆಗೆದು ಬಣ್ಣ ಹೊಡೆದು ಕೊಡಬೇಕು, ಆರ್.ಟಿ.ಓ. ಪಾಸಿಂಗು ಮಾಡಿಸಬೇಕು ಎಂಬುದು ಅಣ್ಣಾಸಾಬರ ಅಪ್ಪಣೆ. ಕಣ್ಣಿಗೆ ಕಾಣುವಷ್ಟು ಕೆರೆದರೆ ಸಾಕು ಎಂದು ಪಾರಿಸರೂ ಹೇಳಿದರು. ಕೆಂಚವ್ವ ರೂಢಿಯಂತೆ ಕೆಳಗೆ ನುಸುಳಿದರು. ಟ್ರಕ್ಕಿನ ಇಡೀ ಭಾರ ಹೊರುವ ಚಾಸಿಯ ಉದ್ದನೆಯ ಪಟ್ಟಿಯ ಮೇಲೆ, ಡ್ರೈವರನ ಕೋಣೆಯ ಹಿಂದೆ, ಉಳಿ ಇಟ್ಟರು.

"ಮೆಲ್ಲಕ ಇಟ್ಟಿದ್ನಿರಿ. ಒಂದ ಪದರ ಬಂತು, ಇನ್ನೊಂದ ಬಂತು, ಹಪ್ಪಳ ಉದುರಿದಂಗ ಉದರಾಕತ್ತು. ಇನ್ನೇನ ಗಟ್ಟಿ ಕಬ್ಬಣ ಸಿಗತೈತಿ ಅಂತ ನಾ ಕೆರಕೋಂತ ಹೋದ್ರ ಉಳಿ ಗಪ್ಪನ ಒಳಗ ಹೋತು. ಬೆರಳ ಹಾಕಿ ನೋಡಿದ್ನಿ. ಆ ಕಡೆ ಗಾಳಿ ಹತ್ತಿತು."

ಅಂಗೈ ಅಗಲದ ತೂತು. ಸುದ್ದಿ ಕೇಳಿ ಬಂದ ಅಣ್ಣಾಸಾಬರು ಬಗ್ಗಿ ನೋಡಿ, ಎದ್ದು ನಿಂತು, ಗ್ಯಾರೇಜಿನ ಎಲ್ಲರ ಮುಂದೆ ಕೆಂಚವ್ವನ ಮೇಲೆ ಹರಿಹಾಯ್ದರು.

"ಮೊನ್ನಿ ತನಕಾ ಗೊಬ್ಬರ ಹೊತ್ತಕೊಂಡ ನೆಟ್ಟಗ ನಡದ ಗಾಡಿ ಇದು. ಆವಾಗಿಲ್ಲದ ತೂತ ಈಗೆಲ್ಲಿಂದ ಬಂತು? ನೀನ ಉಳಿ ಹೊಡದ ಕೆಡವಿದಿ! ಇದರ ಖರ್ಚ ಯಾರ ಕೊಡ್ತಾರ, ನಿಮ್ಮಪ್ಪಾ ಕೊಡ್ತಾನ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಉಪ್ಪು ತಿಂದದ್ದು ಅಣ್ಣಾಸಾಬರ ಮನೆತನ, ನೀರು ಕುಡಿಯಬೇಕಾಗಿ ಬಂದದ್ದು ಕೆಂಚವ್ವನಿಗೆ. ತೂತಿಗೆ ಹಚ್ಚಿದ ತಗಡಿನ ದುಡ್ಡು, ವೆಲ್ಡಿಂಗಿನ ದುಡ್ಡು ಎಂದು ಆ ವಾರದ ಇಡೀ ಕೂಲಿ ಹಿಡಿದರು. ಅಣ್ಣಾಸಾಬರ ಮಾತಿನಂತೆ ಹಿಡಿದವರು ಪಾರಿಸರೇ. ಅಣ್ಣಾಸಾಬರ ಟ್ರ್ಯಾಕ್ಟರುಗಳೂ ಅವರ ಗ್ಯಾರೇಜಿಗೇ ಬರುತ್ತವೆ.

ಮಾಡಬಹುದಾಗಿದ್ದ ನ್ಯಾಯದ ಕೆಲಸ ಎರಡೇ. ಬಾಡಿ ಇಳಿಸಿ ಚಾಸಿಯನ್ನು ಪೂರ್ತಿ ನೋಡಿ ರಿಪೇರಿ ಮಾಡಿಸಬೇಕು, ಇಲ್ಲವೇ ಗಾಡಿ ಬದಲಿಸಬೇಕು. ಬಾಡಿ ಇಳಿಸಿದರೆ ಒಂದು ತಿಂಗಳು ಟ್ರಕ್ಕು ನಿಲ್ಲುತ್ತದೆ, ಟೋಳಿ ತಡವಾಗುತ್ತದೆ. ಬದಲಿಸಿದರೆ ತಂದೆಯ ಕೈಗುಣದ ಗಾಡಿ ಮನೆ ಬಿಟ್ಟು ಹೋಗುತ್ತದೆ. ಅಣ್ಣಾಸಾಬರು ಭಾವನನ್ನು ಕೇಳಿದರು, ಡ್ರೈವರನನ್ನು ಕೇಳಿದರು, ಊರಿನ ಸ್ವಾಮಿಗಳನ್ನೂ ಕೇಳಿದರಂತೆ. ಟ್ರಕ್ಕಿನ ಕೆಳಗೆ ಮಲಗಿ ತೂತಿನೊಳಗೆ ಬೆರಳು ಹಾಕಿದ ಒಬ್ಬಳನ್ನು ಬಿಟ್ಟು ಎಲ್ಲರನ್ನೂ ಕೇಳಿದರು. ಕೊನೆಗೆ ಮೂರನೆಯ ದಾರಿ ಹಿಡಿದರು. ತೂತಿಗೆ ಒಂದು ತಗಡು, ತಗಡಿನ ಮೇಲೆ ಡಾಂಬರು, ಡಾಂಬರಿನ ಮೇಲೆ ಬಣ್ಣ. ಮೇಲೆಲ್ಲ ತಳಕು, ಒಳಗೆಲ್ಲ ಹುಳುಕು!

ತಗಡು ಹಚ್ಚಿದ ವೆಲ್ಡರನ ಹೆಸರು ಉತ್ತಮ, ಮನೆಯಲ್ಲಿ ಮರಾಠಿ ಆಡುವವನು. ತಲೆ ತಗ್ಗಿಸಿಕೊಂಡೇ ಹೇಳುತ್ತಾನೆ.

"ಬಾಡಿ ಇಳಸೂಣ ಮಾಲಕಾ ಅಂತ ಅಣ್ಣಾಸಾಬರಿಗಿ ಅಂದ್ನಿರಿ. ‘ಸೀಝನ್ ಡೋಕ್ಯಾವರ ಆಲಾಯ್, ಬಾಡಿ ಕಾಯ್ ಉತರವತೋಸ್?’ ಅಂದ್ರು. ಹಂಗಾಮ ತಲಿಮ್ಯಾಗ ಬಂದೈತಿ, ಬಾಡಿ ಏನ ಇಳಸ್ತಿ ಅಂತ. ಹೊಟ್ಟಿಪಾಡ್ರಿ, ಹಚ್ಚಿದ್ನಿ. ಸುಡೂ ಮುಂದ ಅಂಚಿಗೆ ಗಟ್ಟಿ ಕಬ್ಬಣನ ಸಿಗವಲ್ತು."

ಖಂಡೆಪೂಜೆ ಬಂತು. ಈ ಗ್ಯಾರೇಜಿಗೆ ಅದರದೇ ಒಂದು ಪದ್ಧತಿ ಇದೆ. ಆಯುಧ ಪೂಜೆಯ ದಿನ ಹೊಸದಾಗಿ ತಯಾರಾದ ಗಾಡಿಗೆ ಕಾಯಿ ಒಡೆದು, ಅದರ ಮೇಲೆ ಕೈ ಆಡಿಸಿದ ಪ್ರತಿಯೊಬ್ಬ ಕೆಲಸಗಾರನೂ ಗ್ಯಾರೇಜು ಮಾಲೀಕರ ಮನೆಮಂದಿಯೂ ಹಿಂಬದಿಯಲ್ಲಿ ಹತ್ತಿ, ಊರಾಚೆಯ ಮಾರುತಿ ಗುಡಿಗೆ ಒಂದು ಸುತ್ತು ಹೋಗಿ ಬರಬೇಕು. ಕೆಲಸ ಮಾಡಿದವರು ಹತ್ತದಿದ್ದರೆ ಗಾಡಿಗೆ ಕೇಡು ಎನ್ನುತ್ತಾರೆ. ಅಂದು ಅಣ್ಣಾಸಾಬರ ಟ್ರಕ್ಕಿಗೆ ಕಬ್ಬಿನ ಜಲ್ಲೆ ಕಟ್ಟಿ, ಚೆಂಡುಹೂವಿನ ಮಾಲೆ ಹಾಕಿದ್ದರು. ಬಣ್ಣದವನು, ಪುಟ್ಟಿಯವನು, ಉತ್ತಮ ಎಲ್ಲ ಹತ್ತಿದರು. ಪಾರಿಸರ ಹೆಂಡತಿ ಕುಸುಮ ತಮ್ಮ ಮೂರು ಮಕ್ಕಳನ್ನು ಹತ್ತಿಸಿದರು. ಮರುದಿನ ಅದೇ ಟ್ರಕ್ಕು ಟೋಳಿ ತರಲು ಜತ್ತಿನ ಕಡೆ ಹೊರಡಬೇಕಿತ್ತು. ಕೆಂಚವ್ವ ಮಾತ್ರ ನೆಲದ ಮೇಲೆಯೇ ನಿಂತರು.

"ಹತ್ತ ಬೇ, ಮುಹೂರ್ತ ಮೀರಾಕತ್ತೈತಿ," ಎಂದು ಅಣ್ಣಾಸಾಬರು ಗದರಿದರು.

"ನಾ ಹತ್ತೂದಿಲ್ರಿ."

ಹಬ್ಬದ ದಿನ, ಕಾಯಿ ಒಡೆದ ಗಾಡಿಗೆ, ನಾಲ್ಕು ಜನರ ಮುಂದೆ ಹಾಗೆ ಅನ್ನುವುದೆಂದರೆ ಈ ಸೀಮೆಯಲ್ಲಿ ಸಣ್ಣ ಮಾತಲ್ಲ. ಅಪಶಕುನ ನುಡಿದಳು, ಕೂಲಿ ಹಿಡಿದ ಸಿಟ್ಟು ತೀರಿಸಿಕೊಳ್ಳುತ್ತಿದ್ದಾಳೆ ಎಂದು ಕೂಗಾಟ ಶುರುವಾಯಿತು. ಕುಸುಮ ಅವರೊಬ್ಬರೇ ಮೇಲಿನಿಂದ ಬಗ್ಗಿ, ಯಾಕೆ ಹತ್ತುವುದಿಲ್ಲ ಎಂದು ಕೇಳಿದರು. ಆ ಟ್ರಕ್ಕಿನ ವಿಷಯದಲ್ಲಿ ಕೆಂಚವ್ವನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು.

"ಅಕ್ಕಾರ, ತಗಡ ಹಚ್ಚಿದ್ದು ತೂತಿಗಿ. ಅದರ ಸುತ್ತಲಿಂದೂ ಹಪ್ಪಳನ ಐತಿ, ನಾ ಕೈ ಹಾಕಿ ನೋಡೇನಿ. ನಾಳೆ ಇದರಾಗ ಕೂಸು-ಕುನ್ನಿ ಕಟ್ಟಕೊಂಡ ಮಂದಿ ಬರೂದೈತಿ. ಅವರಿಗಿ ಗೊತ್ತಿಲ್ಲ, ಹತ್ತತಾರ. ನನಗ ಗೊತ್ತೈತಿ, ನಾ ಹೆಂಗ ಹತ್ತಲಿ?"

ಕುಸುಮ ಮೊದಲು ಚಿಕ್ಕದನ್ನು ಕೆಳಗೆ ಇಳಿಸಿದರು, ಆಮೇಲೆ ಉಳಿದಿಬ್ಬರನ್ನು, ಆಮೇಲೆ ತಾವೂ ಇಳಿದರು. ಅವರ ಹಿಂದೆ ಉತ್ತಮ ಇಳಿದ. ಒಬ್ಬೊಬ್ಬರಾಗಿ ಎಲ್ಲರೂ ಇಳಿದ ಮೇಲೆ ಡ್ರೈವರನೂ ಇಂಜಿನ್ ಬಂದ್ ಮಾಡಿ ಬಾಗಿಲು ತೆರೆದ. ಮಾಲೆ ಹಾಕಿಕೊಂಡ ಟ್ರಕ್ಕಿನ ಪಕ್ಕದಲ್ಲಿ ಅಣ್ಣಾಸಾಬರೊಬ್ಬರೇ ನಿಂತಿದ್ದರು.

ಆ ಮಾಲೆಯ ಸಮೇತ ಸಿಟ್ಟಿನಿಂದ ಅವರು ಟ್ರಕ್ಕನ್ನು ಖಾಲಿಯಾಗಿಯೇ ಮಿರಜಿಗೆ ಕಳಿಸಿದರು, ಈ ಹೆಂಗಸಿನ ಮಾತು ಸುಳ್ಳು ಮಾಡಲೆಂದು. ಅಲ್ಲಿಯ ಮಿಸ್ತ್ರಿ ಬಾಡಿ ಎತ್ತಿದಾಗ ತಗಡು ಹಚ್ಚಿದ ಬದಿಯ ಪಟ್ಟಿಗಿಂತ ಇನ್ನೊಂದು ಬದಿಯದೇ ಹೆಚ್ಚು ಕೊಳೆತಿತ್ತು. ಇದಕ್ಕೆ ರಿಪೇರಿ ಇಲ್ಲ, ಜನ ಕೂತರೆ ಎಲ್ಲೋ ತಗ್ಗಿನಲ್ಲಿ ಎರಡು ತುಂಡಾಗುತ್ತದೆ ಎಂದ. ಟ್ರಕ್ಕು ಮೋಡಕಾ, ಅಂದರೆ ಗುಜರಿ, ವ್ಯಾಪಾರಿಯ ತಕ್ಕಡಿಗೆ ಹೋಯಿತು. ಅಣ್ಣಾಸಾಬರು ಇನ್ನೊಂದು ಟ್ರಕ್ಕು ಕೊಂಡರು, ಅದರ ಪೂಜೆಗೆ ಮಿರಜದ ಮಿಸ್ತ್ರಿಯನ್ನು ಕರೆಸಿ ಶಾಲು ಹೊದಿಸಿದರು. ಕೆಂಚವ್ವನಿಗೆ? "ಸ್ವಲ್ಪ ದಿನಾ ಮನ್ಯಾಗಿರು" ಎಂಬ ಪಾರಿಸರ ಮಾತು. ಆ ಕೆಲಸಕ್ಕೆ ಬೇರೆ ಯಾರೂ ಸಿಗದಿದ್ದಾಗ ಮತ್ತೆ ಕರೆದರು. ಹಿಡಿದ ಕೂಲಿ ಇವತ್ತಿಗೂ ಬಂದಿಲ್ಲ. ತೂತು ಮುಚ್ಚಿದವರಿಗೆ ಮಜೂರಿ, ತೂತು ತೋರಿಸಿದವಳಿಗೆ ದಂಡ.

ಅಣ್ಣಾಸಾಬರ ಮಾತನ್ನೂ ಕೇಳೋಣವೆಂದು ಅವರ ಮನೆಗೆ ಹೋದೆ. ಒಳ್ಳೆಯ ಚಹಾ ಕೊಟ್ಟರು, ತಟ್ಟೆ ತುಂಬ ಒಣದ್ರಾಕ್ಷಿ ಇಟ್ಟರು. ಮಿರಜದ ಮಿಸ್ತ್ರಿ ದೇವರಂಥವ, ನಲವತ್ತು ಜನರ ಜೀವ ಉಳಿಸಿದ ಎಂದರು. ಕೆಂಚವ್ವನ ಹೆಸರೆತ್ತಿದೆ.

"ಆ ಕೆರಿಯಾಕಿ? ಕೈ ಬಾಳ ಬಿರಸ ಐತ್ರಿ ಆಕಿದು. ಛಲೋ ಪಟ್ಟಿಗಿ ತೂತ ಕೆಡವಿದ್ಲು."

ಛಲೋ ಪಟ್ಟಿಯಂತೆ! ಎರಡೂ ಬದಿ ಕೊಳೆತು ತೂಕಕ್ಕೆ ಮಾರಿದ ಗಾಡಿಯ ಒಂದು ತೂತಿಗೆ ಮಾತ್ರ ಕೆಂಚವ್ವನ ಉಳಿಯೇ ಕಾರಣ. ತಪ್ಪಾಯಿತು ಎಂಬ ಒಂದು ಮಾತು ಹದಿನೆಂಟು ರೂಪಾಯಿ ಕೂಲಿಯ ಹೆಣ್ಣಿನ ಮುಂದೆ ಬಾಯಿಂದ ಹೊರಡದೆ ಇರುವುದಕ್ಕೆ ಇಷ್ಟು ದೊಡ್ಡ ಸುಳ್ಳು ಬೇಕಾಯಿತೆ? ನಾನು ಆ ದ್ರಾಕ್ಷಿ ಮುಟ್ಟದೆ ಎದ್ದು ಬಂದೆ.

ದೀಪಾವಳಿಯ ಹೊತ್ತಿಗೆ ಟೋಳಿ ಹೊಸ ಗಾಡಿಯಲ್ಲಿ ಬಂದಿದೆ. ಕಾರ್ಖಾನೆಯ ದಾರಿಯಲ್ಲಿ ಅವರ ಗುಡಿಸಲುಗಳು, ಹೊರಗೆ ಒಲೆ, ಒಲೆಯ ಸುತ್ತ ಮಕ್ಕಳು. ಸಂಜೆ ಕೆಲಸ ಬಿಟ್ಟು ಮನೆಗೆ ಹೋಗುವ ಕೆಂಚವ್ವನ ಜೊತೆ ನಾನೂ ಆ ದಾರಿಯಲ್ಲಿ ನಡೆಯುತ್ತೇನೆ. ಟೋಳಿಯ ಒಬ್ಬ ಹೆಣ್ಣುಮಗಳು, ಮೈಯೆಲ್ಲ ಕೆಂಪಾದ ಈ ಹೆಂಗಸು ಯಾರೆಂದು ತಿಳಿಯದೆ, ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಾಳೆ.  ಅವರಿಗೆ ಹೇಳಿಲ್ಲವೇ ಎಂದು ಕೇಳುತ್ತೇನೆ.

"ಅವರಿಗೇನ ಹೇಳೂದ್ರಿ? ಹತ್ತ್ಯಾರ, ಬಂದಾರ, ಇಳದಾರ. ರೊಟ್ಟಿ ಬಡಿಯಾಕತ್ತಾರ. ಅಷ್ಟ ಸಾಕಲ್ರಿ."

ಹಾಗಾದರೆ ನಿಮಗೆ ಏನೂ ಬೇಡವೇ ಎಂದೆ. ಹಿಡಿದ ಕೂಲಿಯ ಮಾತು ತೆಗೆಯುತ್ತಾರೆ ಎಂದುಕೊಂಡಿದ್ದೆ. ಕೆಂಚವ್ವ ನಿಂತರು. ಅಷ್ಟು ಹೊತ್ತು ಇದ್ದ ನಗೆ ಮುಖದಲ್ಲಿ ಇರಲಿಲ್ಲ.

"ಬೇಕ್ರಿ. ಕೂಲಿ ಹೋತ, ಹೋಗ್ಲಿ. ಶಾಲ ಬ್ಯಾಡ. ಅಣ್ಣಾಸಾಬರು ಇವತ್ತಿಗೂ ಗ್ಯಾರೇಜಿಗಿ ಬಂದ್ರ, ಈಕಿನ ಗಾಡಿ ತೆಳಗ ಬಿಡಬ್ಯಾಡ್ರಿ, ತೂತ ಕೆಡವ್ತಾಳ ಅಂತ ನಗತಾರ. ಎಲ್ಲಾರೂ ನಗತಾರ. ಎಂಟ ವರ್ಷ ಆತು, ನಾ ಒಂದ ಗಾಡಿ ಕೆಡಿಸಿಲ್ಲ. ಅದ ಮಂದಿ ಮುಂದ ನಿಂತು, ಆ ತೂತ ಕೆಂಚವ್ವ ಮಾಡಿದ್ದಲ್ಲ ಅಂತ ಅವರು ಒಂದ ಮಾತ ಅನ್ಲಿ. ಅವರ ಬಾಯಿಲೆ ಬರೂದಿಲ್ಲ ಅಂದ್ರ ನೀವರೆ ಬರೀರಿ. ನನಗ ಓದಾಕ ಬರೂದಿಲ್ಲ, ಆದ್ರ ಅವರಿಗಿ ಬರತೈತಿ. ದೊಡ್ಡ ಅಕ್ಷರದಾಗ ಬರೀರಿ."