ಗಾಲಿ ಬಡಿಯುವ ಮೈಲಾರಪ್ಪನ ಎಡಗೈ

ಬೆಳಗಿನ ಐದೂವರೆ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಮಂಜು ಎಷ್ಟು ದಟ್ಟವಾಗಿದೆಯೆಂದರೆ ಪುಣೆಯ ಕಡೆ ಹೊರಟ ಗಾಡಿಯ ಮೂರನೇ ಡಬ್ಬಿಯಿಂದಾಚೆ ಏನೂ ಕಾಣುವುದಿಲ್ಲ. ಆ ಕಾಣದ ಕಡೆಯಿಂದ ಒಂದು ಸದ್ದು ಬರುತ್ತಿದೆ. ಠಣ್. ನಾಲ್ಕು ಹೆಜ್ಜೆಯಷ್ಟು ಬಿಡುವು. ಮತ್ತೆ ಠಣ್. ಮೊದಲು ಲಾಟೀನಿನ ಬೆಳಕು, ಆಮೇಲೆ ಉದ್ದ ಹಿಡಿಯ ಸುತ್ತಿಗೆ, ಕಡೆಗೆ ನಾನು ನೋಡಲು ಬಂದ ಮೈಲಾರಪ್ಪ ಕಾಣಿಸಿಕೊಳ್ಳುತ್ತಾರೆ.

ಲಾಟೀನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ. ಸುತ್ತಿಗೆ ಎಡಗೈಯಲ್ಲಿದೆ. ಗಾಲಿಯ ಎದುರು ನಿಂತು, ಕಣ್ಣು ಮುಚ್ಚಿ, ತೊಟ್ಟಿಲು ತೂಗಿದಂತೆ ಅದನ್ನು ಹಿಂದಕ್ಕೆ ಒಯ್ದು ಮುಂದಕ್ಕೆ ಬಿಡುತ್ತಾರೆ. ಗಟ್ಟಿ ಗಾಲಿ ಗಂಟೆಯಂತೆ ನುಡಿಯುತ್ತದೆ. ಬಿರುಕಿದ್ದರೆ ಒಡಕು ಗಡಿಗೆಯಂತೆ ಬದ್ ಎನ್ನುತ್ತದೆ. ಅಂಥ ಗಾಲಿ ಘಟ್ಟದ ಇಳಿಜಾರಿನಲ್ಲಿ ಒಡೆದರೆ ಒಳಗಿದ್ದವರ ಗತಿ ಮುಗಿದಂತೆ. ಒಂದು ಗಾಡಿಗೆ ಒಂಬತ್ತು ಡಬ್ಬಿ, ಡಬ್ಬಿಗೆ ಎಂಟು ಗಾಲಿ. ದಿನಕ್ಕೆ ಐದು ಗಾಡಿ. ಮುನ್ನೂರ ಅರವತ್ತು ಗಾಲಿಗಳ ಸದ್ದನ್ನು ಇವರ ಕಿವಿ ಆರಿಸಬೇಕು.

ಶಿರಗುಪ್ಪಿಯ ಮೈಲಾರಪ್ಪ ಇಪ್ಪತ್ತನೇ ವಯಸ್ಸಿಗೆ ಈ ಕೆಲಸಕ್ಕೆ ಸೇರಿದವರು. ಹತ್ತೊಂಬತ್ತು ವರ್ಷ ಬಲಗೈಯಿಂದ, ಹೆಗಲ ಮೇಲಿಂದ ಬೀಸಿ ಬಡಿದರು. ಸಾವಿರದ ಒಂಬೈನೂರ ಮೂವತ್ತೈದನೇ ಇಸವಿಯ ಮಳೆಗಾಲದಲ್ಲಿ ಹಳಿಯ ಜಲ್ಲಿಯ ಮೇಲೆ ಜಾರಿ ಬಿದ್ದು ಬಲಭುಜದ ಮೂಳೆ ಮುರಿಯಿತು. ಮೂಳೆ ಕೂಡಿತು, ಕೈ ಮಾತ್ರ ಎದೆಮಟ್ಟಕ್ಕಿಂತ ಮೇಲೇಳಲಿಲ್ಲ. ಉಳಿದದ್ದು ಎಡಗೈ, ಅದೂ ಕೆಳಗಿನಿಂದ ಬೀಸುವ ಹೊಡೆತ.

“ಅದ ಕಬ್ಬಣ, ಅದ ಗಾಲಿ. ಖರೇ ನನ್ನ ಕಿವಿಗೆ ಎಲ್ಲಾ ಸತ್ತಂಗ ಕೇಳಸಾಕತ್ತಿದ್ವು ನೋಡ್ರಿ,” ಎನ್ನುತ್ತಾರೆ.

ಎಡಗೈಯಿಂದ ಬಡಿಯತೊಡಗಿದ ಮೊದಲ ತಿಂಗಳಲ್ಲೇ ನೆಟ್ಟಗಿದ್ದ ಗಾಲಿಯನ್ನು ಬಿರುಕೆಂದು ತಿಳಿದು ಗಾಡಿ ನಿಲ್ಲಿಸಿದರು. ನಾಲ್ಕು ತಿಂಗಳಿಗೆ ಮತ್ತೊಂದು ಸಲ. ಮೂರನೇ ಸಲ ಹೀಗಾದರೆ ಕೆಲಸವಿಲ್ಲ ಎಂಬ ಕಾಗದ ಬಂತು. ಗೇಟು ಕಾಯುವ ಕೆಲಸಕ್ಕೆ ಹೋಗೆಂದು ಜೊತೆಯವರು ಹೇಳಿದರು. ಮೈಲಾರಪ್ಪ ಹೋಗಲಿಲ್ಲ. ಪಕ್ಕದ ಹಳಿಯ ಮೇಲೆ ತುಕ್ಕು ಹಿಡಿದು ನಿಂತಿದ್ದ ಹಳೆಯ ಡಬ್ಬಿಯೊಂದರ ಎಂಟು ಗಾಲಿಗಳನ್ನು ಡ್ಯೂಟಿಗೆ ಮೊದಲು ದಿನಾ ಇನ್ನೂರು ಸಲ ಬಡಿದರು. ಅವುಗಳಲ್ಲಿ ಒಂದು ಒಡೆದ ಗಾಲಿ. ಯಾವುದೆಂದು ಗೊತ್ತಿದ್ದೂ ಅದರ ಸದ್ದು ಬೇರೆಯಾಗಿ ಕೇಳಲಿಲ್ಲ.

“ಮನ್ಯಾಗ ಒಂದ ಕೊಡಾನೂ ಬಡೀದ ಬಿಟ್ಟಿಲ್ರೀ ಇವ್ರು,” ಎಂದು ಹೆಂಡತಿ ಚನ್ನಬಸವ್ವ ನಗುತ್ತಾರೆ. ಆಗ ಯಾರೂ ನಕ್ಕಿರಲಿಲ್ಲವಂತೆ.

ಆ ದಿನಗಳಲ್ಲೇ ಇನ್ನೊಂದು ಶುರುವಾಯಿತು. ಗಾಡಿಯ ಎರಡೂ ಬದಿಯ ಎಪ್ಪತ್ತೆರಡು ಗಾಲಿ ಬಡಿದು ಮುಗಿಸಿ ನಿಂತ ಮೇಲೆ, ಯಾರೂ ಇಲ್ಲದ ಆಚೆ ಬದಿಯಿಂದ ಮತ್ತೊಂದು ಹೊಡೆತ ಕೇಳಿಸುತ್ತಿತ್ತು. ಹೆಗಲ ಮೇಲಿಂದ ಬೀಸಿದ, ಬಲಗೈಯ ಹೊಡೆತ. ಅದು ತನ್ನದೇ ಹಳೆಯ ಹೊಡೆತವೆಂದು ಮೈಲಾರಪ್ಪನವರಿಗೆ ಗುರುತು ಸಿಗುತ್ತಿತ್ತು. ಡಬ್ಬಿಯ ಅಡಿ ಬಗ್ಗಿ ನೋಡಿದರೆ ಆಚೆ ಕಾಲುಗಳಿಲ್ಲ.

ಈ ಮಾತನ್ನು ಅವರು ಹೇಳಿಕೊಂಡದ್ದು ಒಬ್ಬರಿಗೇ: ಕೆಲಸ ಕಲಿಸಿದ, ಈಗ ಗಾಡಿ ತಪಾಸಣೆಯ ಮೇಸ್ತ್ರಿಯಾಗಿರುವ ಉಸ್ಮಾನಸಾಬರಿಗೆ. ಅವರು ಗಾಲಿ ಬಡಿದು ತೋರಿಸೆಂದರು. ಬಹಳ ಹೊತ್ತು ಮೈಲಾರಪ್ಪನವರ ಎಡಗೈ ಮಣಿಕಟ್ಟನ್ನೇ ನೋಡಿದರು.

“ಮೈಲಾರಿ, ಹೆದರಿ ಬಿಗಿ ಹಿಡದಿ ನೀ. ಸುತ್ತಿಗಿ ಗಾಲಿ ಮ್ಯಾಲೆ ಕುಂತುಬಿಡ್ತೈತಿ, ಸಪ್ಪಳಾ ಅಲ್ಲೇ ಸಾಯ್ತೈತಿ. ಹೊಡಿಬ್ಯಾಡ, ಬಿಡು. ಅದ ಹೊಳ್ಳಿ ಬರ್ತೈತಿ.”

ಸುತ್ತಿಗೆ ತಾನಾಗಿ ಪುಟಿದು ಮರಳುವಂತೆ ಬಿಡುವುದನ್ನು ಕಲಿಯಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಒಂದು ದಿನ ಹಳೆಯ ಡಬ್ಬಿಯ ಒಡಕು ಗಾಲಿ ಬದ್ ಎಂದಿತು. ಮರುದಿನ ಎನ್ನಲಿಲ್ಲ. ವಾರ ಬಿಟ್ಟು ಮತ್ತೆ ಎಂದಿತು.

ಮೂವತ್ತಾರರ ಶ್ರಾವಣದ ಒಂದು ಬೆಳಗು. ಎಪ್ಪತ್ತೆರಡೂ ಗಾಲಿಗಳು ಅವರ ಕಿವಿಗೆ ಸರಿಯಾಗಿಯೇ ನುಡಿದಿದ್ದವು. ಗಾಡಿ ಬಿಡಲು ಮೈಲಾರಪ್ಪ ಕೈಯೆತ್ತುವಷ್ಟರಲ್ಲಿ ಆಚೆಯಿಂದ ಆ ಹೊಡೆತ ಬಂತು. ಅಂದು ಅದು ಠಣ್ ಎನ್ನಲಿಲ್ಲ. ಬದ್ ಎಂದಿತು.

ಗಾರ್ಡು ಬಾವುಟ ಬಿಚ್ಚಿದ್ದ. ಕೆಲಸ ಕಳೆಯುವ ಕಾಗದ ನೆನಪಿತ್ತು. ಮೈಲಾರಪ್ಪ ಕೈಯೆತ್ತದೆ, ಗಾಡಿ ಸುತ್ತಿ ಆಚೆ ಬದಿಗೆ ನಡೆದರು. ಯಾರೂ ಇರಲಿಲ್ಲ. ಈ ಸಲ ಸುತ್ತಿಗೆಯನ್ನು ಎರಡೇ ಬೆರಳಲ್ಲಿ ಸಡಿಲವಾಗಿ ಹಿಡಿದು ಒಂದೊಂದಾಗಿ ಬಡಿಯುತ್ತ ಹೋದರು. ಏಳನೇ ಡಬ್ಬಿಯ ಎರಡನೇ ಗಾಲಿ ನುಡಿಯಲಿಲ್ಲ. ಕೂಗಿ ಕರೆದಾಗ ಬಂದ ಉಸ್ಮಾನಸಾಬರು ಗಾಲಿಗೆ ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಬಳಿದರು. ಬಿಳುಪಿನ ಮೇಲೆ ಕೂದಲೆಳೆಯಷ್ಟು ತೆಳ್ಳಗೆ, ಗೇಣುದ್ದ, ಬಿರುಕಿಗೆ ಇಳಿದಿದ್ದ ಎಣ್ಣೆ ಜಿನುಗಿತು. ಡಬ್ಬಿಯನ್ನು ಬಿಡಿಸಿದರು. ನಿದ್ದೆಗಣ್ಣಲ್ಲಿ ಇಳಿದ ಜನ ತಡವಾಯಿತೆಂದು ಬೈಯುತ್ತ ಬೇರೆ ಡಬ್ಬಿ ಹತ್ತಿದರು.

“ಮೊದಲ್ನೇ ಸಲ ಆ ಗಾಲಿ ನಾನ ಬಡದಿದ್ನಿ. ದಣದು ಬಿಗಿ ಹಿಡದಿದ್ನಿ, ಕೇಳಸ್ಲಿಲ್ಲ,” ಎನ್ನುತ್ತಾರೆ. ಆಚೆ ಬಡಿದವರು ಯಾರೆಂದು ಕೇಳಿದರೆ ಸುತ್ತಿಗೆಯ ಹಿಡಿಯನ್ನು ಒರೆಸತೊಡಗುತ್ತಾರೆ. ಆ ದಿನದಿಂದ ಎರಡು ವರ್ಷ, ಅವರ ಕಿವಿ ಒಂದು ಗಾಲಿಯಲ್ಲೂ ತಪ್ಪಿಲ್ಲ.

ಈ ಬೆಳಗ್ಗೆ ನಾನೂ ಎಣಿಸಿದೆ. ಎಪ್ಪತ್ತೆರಡು. ಮೈಲಾರಪ್ಪ ಸುತ್ತಿಗೆ ಇಳಿಸಿ ನನ್ನ ಪಕ್ಕದಲ್ಲೇ ನಿಂತಿದ್ದಾರೆ. ಮಂಜಿನಾಚೆ ಇನ್ನೊಂದು, ಸ್ವಚ್ಛವಾಗಿ, ಠಣ್. ಅವರು ತಲೆಯಾಡಿಸಿ ಕೈಯೆತ್ತುತ್ತಾರೆ. ಗಾಡಿ ಕದಲುತ್ತದೆ.

ಹೋಗುವ ಗಾಡಿಯನ್ನು ನೋಡುತ್ತ, ಇದರಲ್ಲಿ ಒಮ್ಮೆಯೂ ಕೂತಿಲ್ಲವೆಂದು ಹೇಳುತ್ತಾರೆ. ಆಸೆಯಿಲ್ಲವೇ ಎಂದು ಕೇಳುತ್ತೇನೆ.

“ಐತ್ರಿ. ಒಮ್ಮೆ ಟಿಕೇಟ್ ತಗಿಸಿ ಕಿಡಕಿ ಬಾಜೂಕ ಕುಂದರಬೇಕು. ಗಾಲಿ ಸಪ್ಪಳಕ್ಕ ಕಿವಿ ಕೊಡದ, ಧಾರವಾಡ ಬರೂದ್ರಾಗ ನಿದ್ದಿ ಹತ್ತಬೇಕ್ರಿ. ಉಳದ ಮಂದಿಗೆ ಹತ್ತತೈತಲ್ಲ, ಹಂಗ.”