ಮೆಲ್ಲಗೆ ಎತ್ತಿದ ಕೈ

ಇವತ್ತು ಬೆಳಿಗ್ಗೆ ಎಡಗೈ ಎತ್ತಿದೆ. ಮಣಿಕಟ್ಟಿನ ಗಡಿಯಾರ ಬೆಳಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಚಾರ್ಜು ಮುಗಿದಿದೆ ಎಂದೋ, ಕೆಟ್ಟುಹೋಗಿದೆ ಎಂದೋ ಗೊಣಗುತ್ತಿದ್ದರು. ನನಗೆ ಮಾತ್ರ ಒಳಗೊಳಗೇ ಹೆಮ್ಮೆ. ಈ ಗಡಿಯಾರಕ್ಕೆ ಬೆಳಗದೆ ಸುಮ್ಮನಿರುವುದನ್ನು ಕಲಿಸಲು ನಾನು, ಖಾನಾಪುರದ ನನ್ನ ಸೋದರತ್ತೆ ಮತ್ತು ಹಿಮ ಬೀಳುವ ಯಾವುದೋ ದೇಶದ ಒಬ್ಬ ಅಪರಿಚಿತ, ಮೂವರೂ ಸೇರಿ ಪಟ್ಟ ಪಾಡು ನಮಗೇ ಗೊತ್ತು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ. ಇಲ್ಲದಿದ್ದರೂ ಹೇಳುತ್ತೇನೆ, ಬೆಳಗಾವಿಯ ಹಿಂದವಾಡಿಯ ಈ ಮನೆಯಲ್ಲಿ ಈ ಕಥೆಯನ್ನು ಇನ್ನೊಮ್ಮೆ ಕೇಳುವ ತಾಳ್ಮೆ ಯಾರಿಗೂ ಉಳಿದಿಲ್ಲ.

ನಾನು ಪಾಲಿಟೆಕ್ನಿಕ್ಕಿನಲ್ಲಿ ಡ್ರಾಯಿಂಗ್ ಕಲಿಸುವವಳು. ಮನೆಗೆ ಬಂದ ಯಾವ ಯಂತ್ರವನ್ನೂ ಬಿಚ್ಚಿ ನೋಡದೆ ಬಿಟ್ಟವಳಲ್ಲ. ಒಮ್ಮೆ ಮಿಕ್ಸರನ್ನು ಬಿಚ್ಚಿ ಜೋಡಿಸಿದ ಮೇಲೆ ಒಂದು ಸ್ಕ್ರೂ ಹೊರಗೇ ಉಳಿದದ್ದನ್ನು ನಮ್ಮ ಯಜಮಾನರು ಬಂದವರಿಗೆಲ್ಲ ಇನ್ನೂ ಹೇಳುತ್ತಾರೆ. ಇಂಥವಳ ಕೈಗೆ ಎರಡು ವರ್ಷದ ಹಿಂದೆ ಈ ಬಗೆಯ ಗಡಿಯಾರ ಬಂತು. ಅಂಗಡಿಯಲ್ಲಿ ಸಿಗುವ ಸ್ಮಾರ್ಟ್‌ವಾಚುಗಳ ಹಾಗಲ್ಲ ಇದು. ಇದರ ಒಳಗಿನ ತಂತ್ರಾಂಶ ಯಾರ ಗುಟ್ಟೂ ಅಲ್ಲ. ಲೋಕದ ಮೂಲೆಮೂಲೆಯ ಜನ ತಮ್ಮ ಬಿಡುವಿನಲ್ಲಿ ಬರೆದದ್ದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, 'ಹೀಗಿದ್ದರೆ ಚೆನ್ನ' ಎಂದು ಅವರ ಜಾಲತಾಣದಲ್ಲಿ ಬರೆಯಬಹುದು, ಜಗಳವನ್ನೂ ಆಡಬಹುದು.

"ಅಂದ್ರ ಕೆಟ್ಟ್ರ ಬೈಯಾಕ ಒಬ್ಬರೂ ಇಲ್ಲ ಅಂದಂಗಾತು" ಎಂದರು ನಮ್ಮವರು.

ಅದಕ್ಕೆಂದೇ ನನಗೆ ಅದು ಇಷ್ಟವಾದದ್ದು. ಬೈಯುವ ಬದಲು ಯಾಕೆ ಹೀಗೆ ಎಂದು ಹುಡುಕಬಹುದಲ್ಲ! ಹುಡುಕಲು ಬೇಕಾದಷ್ಟಿತ್ತು. ಮೊದಲ ದಿನವೇ ಗೊತ್ತಾಯಿತು, ಇದಕ್ಕೆ ಕನ್ನಡ ಬರುವುದಿಲ್ಲ. ಫೋನಿಗೆ ಬಂದ ಸಂದೇಶವನ್ನು ಮಣಿಕಟ್ಟಿನಲ್ಲಿ ತೋರಿಸುವಾಗ ಅಕ್ಷರಕ್ಕೊಂದರಂತೆ ಖಾಲಿ ಚೌಕ ಬರೆಯುತ್ತಿತ್ತು. ಪಕ್ಕದ ಮನೆಯ ಮರಾಠಿ ಗೆಳತಿ ಕಳಿಸಿದ ಸಂದೇಶವೂ ಚೌಕವೇ. ನಮ್ಮ ಬೆಳಗಾವಿಯಲ್ಲಿ ಎರಡೂ ಭಾಷೆಗಳನ್ನು ಇಷ್ಟು ಸಮನಾಗಿ ಕಂಡ ಇನ್ನೊಬ್ಬರು ಇರಲಿಕ್ಕಿಲ್ಲ. ಚೌಕಗಳನ್ನು ಎಣಿಸಿ ಇದು ಯಾರ ಸಂದೇಶ ಎಂದು ಊಹಿಸುವ ಆಟವನ್ನೂ ಕೆಲವು ದಿನ ಆಡಿದೆ. ಉದ್ದ ಇದ್ದರೆ ಪ್ರಿನ್ಸಿಪಾಲರದು, ತುಂಡಾಗಿದ್ದರೆ ನಮ್ಮವರದು.

ಅಷ್ಟರಲ್ಲಿ ನೀಲತ್ತೆಯ ಎದೆ ಕೈಕೊಡಲು ಶುರುವಾಯಿತು.

ನೀಲತ್ತೆ ನನ್ನ ಅಪ್ಪನ ತಂಗಿ. ಖಾನಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಅವಳದೊಂದು ಖಾನಾವಳಿ. ಮಗ ಬಸು ಗಿರಾಕಿಗಳನ್ನು ನೋಡಿಕೊಳ್ಳುತ್ತಾನೆ, ಸೊಸೆ ಎಣ್ಣೆಗಾಯಿ, ಝುಣಕ ಮಾಡುತ್ತಾಳೆ, ರೊಟ್ಟಿ ಮಾತ್ರ ಅತ್ತೆಯದೇ. ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಳೆಂದರೆ ಟಪಟಪ ಸದ್ದು ರಸ್ತೆಯವರೆಗೆ ಕೇಳಬೇಕು. ಊಟಕ್ಕೆ ಕೂತ ಯಾರೋ "ಕಾಕೂ, ಆಣಖೀ ಏಕ ಭಾಕರಿ" ಎಂದರೆ, ತಲೆ ಎತ್ತದೆ "ಆತು, ತಗೋಪಾ" ಎನ್ನುತ್ತ ಇನ್ನೊಂದನ್ನು ಬುಟ್ಟಿಗೆ ಎಸೆಯುತ್ತಾಳೆ. ಅವರು ಮರಾಠಿಯಲ್ಲಿ ಕೇಳುತ್ತಾರೆ, ಇವಳು ಕನ್ನಡದಲ್ಲಿ ಬಡಿಸುತ್ತಾಳೆ. ಇಷ್ಟು ವರ್ಷದಲ್ಲಿ ಒಂದು ರೊಟ್ಟಿಯೂ ತಪ್ಪಿ ಬೇರೆ ತಾಟಿಗೆ ಹೋಗಿಲ್ಲ.

ಇಂಥವಳಿಗೆ ಇದ್ದಕ್ಕಿದ್ದಂತೆ ಎದೆ ಹಾರುವುದು ಶುರುವಾಯಿತು. "ಎದಿಯೊಳಗ ಗುಬ್ಬಿ ಹೊಕ್ಕಂಗ ಆಕೈತವಾ. ಪಟಪಟಪಟ ಅಂತೈತಿ, ಆಮ್ಯಾಲ ತಾನs ಸುಮ್ಮನಾಕೈತಿ." ಒಮ್ಮೆ ಒಲೆಯ ಮುಂದೆಯೇ ಕಣ್ಣು ಕತ್ತಲಿಟ್ಟು ಗೋಡೆಗೆ ಒರಗಿದಳು. ನಾನೂ ಬಸುವೂ ಅವಳನ್ನು ಇಲ್ಲಿಯ ಸದಾಶಿವನಗರದ ಹೃದಯದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ಬೆಳಗಾವಿ ಮುಟ್ಟುವ ಹೊತ್ತಿಗೆ ಗುಬ್ಬಿ ಹಾರಿಹೋಗಿರುತ್ತಿತ್ತು. ಇಸಿಜಿಯ ಪಟ್ಟಿಯಲ್ಲಿ ಒಂದು ಕುಂದೂ ಕಾಣದು. ಎರಡನೇ ಸಲವೂ ಹಾಗೇ ಆದಾಗ ಡಾಕ್ಟರು, "ಅದು ಬಂದಾಗs ಹಿಡೀಬೇಕ್ರಿ. ಯಾವಾಗ ಬರ್ತೈತಿ ಅಂತ ಗೊತ್ತಾದ್ರ ಮುಂದಿಂದು ಹೇಳಬಹುದು" ಎಂದರು.

ಬಸುವಿಗೆ ಅಷ್ಟು ತಾಳ್ಮೆಯಿಲ್ಲ. ಒಲೆಯ ಮುಂದೆ ಬಿದ್ದಳೆಂದ ಮೇಲೆ ಒಲೆಯದೇ ತಪ್ಪು ಎಂದು ಅವನು ತೀರ್ಮಾನಿಸಿದ. ರೊಟ್ಟಿ ಮಾಡುವ ಮಷೀನು ನೋಡಿಕೊಂಡು ಬಂದ. "ಯುಗಾದಿಗೆ ಮಷೀನ್ ಬರ್ತೈತಿ. ಯವ್ವಾ, ನೀ ಇನ್ನ ಕುಂತು ಉಣ್ಣು" ಎಂದ. ಮಗನ ಪ್ರೀತಿ, ತಪ್ಪೇನಿಲ್ಲ. ಆದರೆ ಅತ್ತೆಯ ಮುಖ ನೋಡಿದೆ. ಮಣೆಯ ಮೇಲಿಂದ ಏಳಿಸಿದರೆ ಎಲ್ಲಿ ಕೂರಬೇಕೆಂದು ಗೊತ್ತಿಲ್ಲದವಳ ಮುಖ. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು, "ರೊಟ್ಟಿಯಿಂದ ನನ್ನ ಕೈ ಬಿಡಿಸ್ಯಾರವಾ" ಎಂದಳು. ಆ ವಾರವೇ ಗಡಿಯಾರ ಬಿಚ್ಚಿ ಅವಳ ಕೈಗೆ ಕಟ್ಟಿದೆ. ನಾಡಿ ಎಣಿಸುವ ಹಸಿರು ದೀಪ ಅದರ ಹಿಂಬದಿಯಲ್ಲಿದೆ, ಎಣಿಸಿದ್ದನ್ನು ಅವಳ ಫೋನಿಗೆ ಕಳಿಸುತ್ತಿರುತ್ತದೆ. ಗುಬ್ಬಿ ಬಂದರೆ ಸಿಕ್ಕಿಬೀಳಬೇಕು ಎಂಬುದು ನನ್ನ ಲೆಕ್ಕ.

"ಪಟ್ಟಿ ಚರ್ಮದ್ದಲ್ಲ ಹೌದಿಲ್ಲೋ?" ಅದೊಂದೇ ಅವಳು ಕೇಳಿದ್ದು. ರಬ್ಬರಿನದು ಎಂದಮೇಲೆ ಎಡಗೈ ಚಾಚಿದಳು. ಹಳೆಯ ಕಾಲದ ಹೆಂಗಸರಂತೆ ಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ತಿರುಗಿಸಿ ಕಟ್ಟಿಕೊಂಡಳು. ಹಿಟ್ಟಿನ ಕೈಯಲ್ಲಿ ಗುಂಡಿ ಒತ್ತಲಾಗದು. ಕೈ ಎತ್ತಿದರೆ ತಾನಾಗಿ ಬೆಳಗಿ ಸಮಯ ತೋರಿಸುತ್ತದೆ ಎಂದದ್ದು ಅವಳಿಗೆ ಬಲು ಹಿಡಿಸಿತು.

ಮುಂದಿನ ಭಾನುವಾರ ಹೋಗಿ ಫೋನು ತೆರೆದು ನೋಡಿದರೆ ನಗು ತಡೆಯಲಾಗಲಿಲ್ಲ. ರೊಟ್ಟಿ ಬಡಿದದ್ದನ್ನೆಲ್ಲ ಗಡಿಯಾರ ಹೆಜ್ಜೆ ಎಂದು ಎಣಿಸಿತ್ತು. ಅದರ ಲೆಕ್ಕದಲ್ಲಿ ಅತ್ತೆ ದಿನವೂ ಗೋವಾ ದಾರಿಯ ಕಾಡು ದಾಟಿ ಮೈಲುಗಟ್ಟಲೆ ನಡೆದಿದ್ದಳು.

"ಅತ್ತೀ, ಒಲಿ ಮುಂದ ಕುಂತs ನೀ ಲೋಂಡಾ ಮುಟ್ಟೀದಿ."

"ಲೋಂಡಾ ಯಾಕ, ಹಂಗs ಗೋವಾಕ್ಕ ಹೋಗಿ ಸಮುದ್ರ ನೋಡಿ ಬರ್ತಿದ್ದೆ. ಊಟದ ಹೊತ್ತಾತಂತ ಹೊಳ್ಳಿ ಬಂದೆ" ಎಂದಳು, ಬಡಿಯುವುದನ್ನು ನಿಲ್ಲಿಸದೆ.

ನಗುವಿನಾಚೆಗೆ ತೊಂದರೆಯೂ ಇತ್ತು. ಕೈ ಹೀಗೆ ಅಲುಗುತ್ತಿದ್ದರೆ ನಾಡಿಯ ಲೆಕ್ಕ ಬರೀ ಅಸಂಬದ್ಧ. ನಾನು ಜಾಲತಾಣದಲ್ಲಿ ಬರೆದೆ: ನಡೆಯುವುದಕ್ಕೂ ರೊಟ್ಟಿ ಬಡಿಯುವುದಕ್ಕೂ ಇರುವ ವ್ಯತ್ಯಾಸ ಇದಕ್ಕೆ ತಿಳಿಯಬೇಕು. ರೊಟ್ಟಿ ಬಡಿಯುವುದು ಎಂದರೇನು ಎಂದು ಅಲ್ಲಿಯವರು ಕೇಳಿದರು. ವಿಡಿಯೋ ಮಾಡಿ ಹಾಕಿದೆ. ಎರಡು ದಿನ ಗಡಿಯಾರದ ಮಾತೇ ನಿಂತುಹೋಗಿ, ಹಿಟ್ಟಿಗೆ ಬಿಸಿನೀರು ಎಷ್ಟು, ಅಂಚು ಒಡೆಯದಂತೆ ತಟ್ಟುವುದು ಹೇಗೆ ಎಂಬ ಪ್ರಶ್ನೆಗಳೇ ಬಂದವು. ಅತ್ತೆಗೆ ಹೇಳಿದರೆ, "ಜ್ವಾಳಾ ಸಿಗ್ತದೇನು ಅವರ ಊರಾಗ? ಪಾಪ" ಎಂದು ಮರುಗಿದಳು.

ಫೋನಿನಲ್ಲಿ ಮೂಡುವ ನಾಡಿಯ ಗೀಟಿನಲ್ಲಿ ಇನ್ನೊಂದು ವಿಚಿತ್ರ ಕಂಡಿತು. ದಿನವೂ ಬೆಳಗಿನ ಜಾವ ಒಂದಿಷ್ಟು ಹೊತ್ತು ಗೀಟೇ ಇಲ್ಲ. ಕೇಳಿದರೆ, "ಪೂಜಾಕ್ಕ ಕುಂತಾಗ ತಗದ ಇಡ್ತೇನಿ" ಎಂದಳು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಕಣ್ಣಿನ ಮಟ್ಟಕ್ಕೆ ಹಿಡಿದು ನೆಟ್ಟ ನೋಟದಲ್ಲಿ ಕೂರುತ್ತಾಳಲ್ಲ, ಆ ಹೊತ್ತು. ನನಗೆ ತಟ್ಟನೆ ಹೊಳೆಯಿತು: ಇಡೀ ದಿನದಲ್ಲಿ ಅವಳ ಕೈ ಅಲುಗದೆ ಇರುವುದು ಅದೊಂದೇ ಹೊತ್ತು! ಗಡಿಯಾರಕ್ಕೆ ನಾಡಿ ನೆಟ್ಟಗೆ ಸಿಗುವುದಾದರೆ ಆಗಲೇ ಸಿಗಬೇಕು.

"ಅತ್ತೀ, ಪೂಜಾದಾಗೇನರ ಗುಬ್ಬಿ ಬರ್ತೈತೇನು?"

ಕೈಯ ಹಿಟ್ಟನ್ನು ಪರಾತದಲ್ಲಿ ಉಜ್ಜಿ ಉದುರಿಸಿದಳು. "ಅಲ್ಲೇ ಹೆಚ್ಚು ಬರ್ತದ" ಎಂದಳು ಮೆಲ್ಲಗೆ. "ಅದನ್ನ ಡಾಕ್ಟರಿಗೆ ಹೇಳಿಲ್ಲ. ಬಸೂಗೂ ಹೇಳಿಲ್ಲ."

"ಯಾಕ?"

"ಹೆಂಗ ಹೇಳಲವಾ? ಸಣ್ಣಾಕಿ ಇದ್ದಾಗಿಂದ ಕೈಯಾಗ ಹಿಡಕೊಂಡ ಕುಂತೇನಿ. ಒಂದಿನಾರ ಅವ ಏನೂ ಅಂದಿರಲಿಲ್ಲ. ಈ ವರ್ಷ ಮೊದಲನೇ ಸರ್ತೆ, ನೋಡಕೋತ ನೋಡಕೋತ ಎದಿ ಪಟಪಟ ಅಂತು. ನನಗ ಓ ಅಂದ ಅಂತ ತಿಳ್ಕೊಂಡೆ."

ಒಲೆಯ ಮುಂದಿನ ಗುಬ್ಬಿ ಅವಳಿಗೆ ಕಾಯಿಲೆ. ಲಿಂಗದ ಮುಂದಿನ ಗುಬ್ಬಿ ಲಿಂಗಯ್ಯನ ಓಗೊಡುವಿಕೆ. ಎರಡೂ ಒಂದೇ ಇರಬಹುದೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ, ಅಥವಾ ಅನ್ನಿಸಿದ್ದರೂ ಒಪ್ಪಿರಲಿಲ್ಲ. ಅಳೆದು ನೋಡುವ ನನ್ನ ಚಟದ ಮೇಲೆ ಮೊದಲ ಬಾರಿಗೆ ಬೇಸರ ಬಂತು. ಬಿಡು ಅತ್ತೀ, ಅಳೆಯುವುದು ಬೇಡ ಎನ್ನುವವಳಿದ್ದೆ. ಅವಳೇ ತಡೆದಳು. "ಕಟ್ಟಿಕೊಂಡs ಕುಂದರ್ತೇನಿ. ಮಷೀನ್ ಬರೋದ್ರಾಗ ಖರೇ ಏನಂತ ಗೊತ್ತಾಗಲಿ."

ಮೊದಲ ದಿನವೇ ಕೆಟ್ಟಿತು. ಅಂಗೈ ಎತ್ತಿದ್ದೇ ತಡ, ಲಿಂಗದ ಬುಡದಲ್ಲೇ ಗಡಿಯಾರ ಝಗ್ಗನೆ ಬೆಳಗಿ ಸಮಯ ತೋರಿಸಿತು. ಆರಿತು. ಕೈ ತುಸು ಸರಿದರೆ ಮತ್ತೆ ಬೆಳಗಿತು. ಈ ಸಲ ಯಾರದೋ ಶುಭೋದಯದ ಚೌಕಗಳ ಸಮೇತ. "ಲಿಂಗ ನೋಡಲೋ, ಟೈಮ್ ನೋಡಲೋ?" ಎಂದು ಅತ್ತೆ ಫೋನಿನಲ್ಲಿ ಸಿಟ್ಟಾದಳು. ಬೆಳಗುವುದನ್ನೇ ಪೂರ್ತಿ ನಿಲ್ಲಿಸಬಹುದಿತ್ತು. ಆಗ ಹಿಟ್ಟಿನ ಕೈಯವಳಿಗೆ ಅಡುಗೆಮನೆಯಲ್ಲಿ ಗಡಿಯಾರವೇ ಇಲ್ಲ.

ಮತ್ತೆ ಜಾಲತಾಣಕ್ಕೆ ಬರೆದೆ. ಕೈ ಎತ್ತಿದವರೆಲ್ಲ ಸಮಯ ನೋಡಲೆಂದೇ ಎತ್ತುವುದಿಲ್ಲ ಎಂದೆ. ಅಂಗೈಯನ್ನು ಮುಖದ ಮುಂದೆ ಹಿಡಿದು ಗಡಿಯಾರ ನೋಡದೆ ಇರುವ ಮನುಷ್ಯ ಯಾರು ಎಂದು ಒಬ್ಬ ಕೇಳಿದ. ವಿವರಿಸಿದೆ. ಇಂಥವರು ಅಪರೂಪ, ಇವರಿಗಾಗಿ ತಂತ್ರಾಂಶ ತಿದ್ದಲಾಗದು ಎಂದ ಇನ್ನೊಬ್ಬ. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಬೆಳಗಾದರೆ ಹೀಗೆ ಕೂರುತ್ತಾರೆ ಎಂದು ಬರೆಯಲು ಕೂತಿದ್ದೆ. ಅಷ್ಟರಲ್ಲಿ ಮೂರನೆಯವನ ಉತ್ತರ ಬಂತು. ಅವನೂ ಗಡಿಯಾರವನ್ನು ಒಳಮಗ್ಗುಲಿಗೇ ಕಟ್ಟುವವನಂತೆ, ಸೈಕಲ್ ತುಳಿಯುವಾಗ ನೋಡಲು ಅನುಕೂಲವೆಂದು. ಹಿಮ ಬೀಳುವ ದೇಶದವನು, ಎಳೆಗೂಸಿನ ತಂದೆ. ಎಡ ಅಂಗೈಯಲ್ಲಿ ಮಗುವಿನ ತಲೆ ಹಿಡಿದು ಹಾಲು ಕುಡಿಸುವಾಗ ಗಡಿಯಾರ ಬೆಳಗಿ, ಕಣ್ಣು ಮುಚ್ಚುತ್ತಿದ್ದ ಮಗು ಪಿಳಿಪಿಳಿ ಕಣ್ಣು ಬಿಡುತ್ತದಂತೆ. 'ನಿಮ್ಮ ಅತ್ತೆಯ ಕೈಯೂ ನನ್ನ ಕೈಯೂ ಏಳುವ ಬಗೆ ಒಂದೇ, ಇಬ್ಬರೂ ಮೆಲ್ಲಗೆ ಎತ್ತುತ್ತೇವೆ' ಎಂದು ಬರೆದಿದ್ದ. ಸಮಯ ನೋಡುವವರು ಝಟ್ಟನೆ ಎತ್ತುತ್ತಾರೆ. ಮೆಲ್ಲಗೆ ಎತ್ತಿದ ಕೈಗೆ ಬೆಳಕು ಬೇಡ. ಅಷ್ಟೇ!

ಅವನು ಬರೆದು ಕಳಿಸಿದ ತಿದ್ದುಪಡಿಯನ್ನು ಪರೀಕ್ಷಿಸುವ ಕೆಲಸ ನನ್ನ ಪಾಲಿಗೆ ಬಂತು. ಅತ್ತೆಯ ಗಡಿಯಾರ ಅವಳಲ್ಲೇ ಇರಲೆಂದು ನಾನು ಅಂಥದೇ ಇನ್ನೊಂದನ್ನು ತರಿಸಿಕೊಂಡಿದ್ದೆ. ದಿನವೂ ಬೆಳಿಗ್ಗೆ ಅಂಗೈಯಲ್ಲಿ ನಿಂಬೆಹಣ್ಣು ಇಟ್ಟುಕೊಂಡು, ಮೆಲ್ಲಗೆ ಎತ್ತಿ, ದಿಟ್ಟಿಸುತ್ತ ಕೂರುತ್ತಿದ್ದೆ. ನನ್ನ ಲಿಂಗ ಕರಡಿಗೆಯ ಸಮೇತ ಕಪಾಟಿನಲ್ಲಿತ್ತು. ಮದುವೆಯ ಗಲಾಟೆಯಲ್ಲಿ ಒಳಗಿಟ್ಟದ್ದು ಅಲ್ಲೇ ಉಳಿದಿತ್ತು. ನಮ್ಮವರು ಚಹಾ ಹಿಡಿದು ಬಂದು, "ನಿಂಬಿಹಣ್ಣೇನರ ವರಾ ಕೊಟ್ಟ್ರ ನನಗೂ ಹೇಳು" ಎಂದು ಹೋದರು. ಅತ್ತೆಗೆ ಸುದ್ದಿ ಮುಟ್ಟಿ, "ನಿಂಬಿಹಣ್ಣ್ಯಾಕವಾ, ನಿನ್ನ ಲಿಂಗ ಎಲ್ಲಿ ಹೋತು?" ಎಂದಳು. ಪರೀಕ್ಷೆ ನೆಟ್ಟಗಾಗಬೇಕಲ್ಲ ಎಂದು ನೆಪ ಹೇಳಿಕೊಂಡು ಕಪಾಟು ತೆರೆದೆ.

ತಿದ್ದಿದ ತಂತ್ರಾಂಶ ಅತ್ತೆಯ ಗಡಿಯಾರಕ್ಕೆ ಬಂದ ಕೆಲವೇ ದಿನಗಳಲ್ಲಿ ಗುಬ್ಬಿ ಸಿಕ್ಕಿತು. ನೀರಿನಂತೆ ಸಮನಾಗಿ ಹೋಗುತ್ತಿದ್ದ ಗೀಟು ಒಮ್ಮೆಗೇ ಎದ್ದು ನಿಂತು, ಸ್ವಲ್ಪ ಹೊತ್ತಿನ ಮೇಲೆ ಒಮ್ಮೆಗೇ ಬಿದ್ದಿತ್ತು. ಡಾಕ್ಟರು ನೋಡಿ, ಎದೆಗೆ ಅಂಟಿಸುವ ಯಂತ್ರ ಕೊಟ್ಟು, ಅದನ್ನು ಹಾಕಿಕೊಂಡೇ ಪೂಜೆಗೆ ಕೂರಲು ಹೇಳಿದರು. ಅದರಲ್ಲೂ ಸಿಕ್ಕಿತು. ಎದೆಯ ಬಡಿತದ ತಾಳ ತಪ್ಪುವ ಕಾಯಿಲೆ, ಗುಳಿಗೆಗೆ ಬಗ್ಗುವಂಥದ್ದು. "ಸುಮ್ಮನ ಕುಂತಾಗೂ ಬರ್ತೈತಿ ಅಂದ್ರ ರೊಟ್ಟೀದೇನೂ ತಪ್ಪಿಲ್ರಿ" ಎಂದರು ಡಾಕ್ಟರು. "ರೊಟ್ಟಿ ಬಡೀರಿ, ಗುಳಿಗಿ ತಪ್ಪಸಬ್ಯಾಡ್ರಿ." ಬಸು ಮೂಗಿನ ಮೇಲೆ ಬೆರಳಿಟ್ಟ. ಮಷೀನು ಬೇಡವೆಂದು ಅಲ್ಲಿಂದಲೇ ಫೋನು ಮಾಡಿದ.

ನಾನು ಗೆದ್ದೆನೆಂದು ಬೀಗುತ್ತಿದ್ದೆ. ಖಾನಾಪುರದ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಊರು ದಾಟಿದ ಮೇಲೆ ನನ್ನ ಕಡೆ ತಿರುಗಿ, ಬಸುವಿಗೆ ಕೇಳದ ಹಾಗೆ ಕೇಳಿದಳು: "ಹಂಗಾರ ಅದು ಅವ ಅಲ್ಲೇನವಾ?"

ಯಾವ ಜಾಲತಾಣದಲ್ಲಿ ಕೇಳಲಿ ಇದನ್ನು? ಅವಳ ಕೈ ಹಿಡಿದು ಕೂತೆ. ಅತ್ತೂಬಿಟ್ಟೆ. ಅವಳೇ ಸೆರಗಿನಿಂದ ನನ್ನ ಕಣ್ಣೊರೆಸಿದಳು.

ಈಗ ಗಡಿಯಾರಕ್ಕೆ ಒಂದಿಷ್ಟು ಕನ್ನಡ ಬರುತ್ತದೆ, ಒತ್ತಕ್ಷರಗಳು ಮಾತ್ರ ಇನ್ನೂ ಬೀದಿಪಾಲು. ರೊಟ್ಟಿ ಬಡಿದರೆ ಈಗಲೂ ಹೆಜ್ಜೆಯೇ. ಅದನ್ನು ತಿದ್ದಿಸಬೇಡ ಎಂದು ಅತ್ತೆ ತಾಕೀತು ಮಾಡಿದ್ದಾಳೆ, ಅವಳಿಗೆ ಲೋಂಡಾ ಬೇಕು. ಹೋದ ಭಾನುವಾರ ಅವಳ ಮಣೆಯ ಬಾಜು ಕೂತು ಬಿಸಿ ರೊಟ್ಟಿ ತಿನ್ನುತ್ತ, ಧೈರ್ಯ ಮಾಡಿ ಕೇಳಿದೆ: "ಪೂಜಾದಾಗ ಈಗ ಹೆಂಗತ್ತೀ?"

"ಎದಿ ಸುಮ್ಮನದ. ಅವನೂ ಸುಮ್ಮನದಾನ" ಎಂದು ರೊಟ್ಟಿ ತಿರುವಿ ಹಾಕಿದಳು. "ಇಬ್ಬರೂ ಸುಮ್ಮನ ಕುಂದರ್ತೇವಿ. ಮೊದಲೂ ಹಂಗs ಇತ್ತಲ್ಲಾ, ನಾನs ಮರತಿದ್ದೆ."

ಪರೀಕ್ಷೆ ಮುಗಿದು ಎಷ್ಟೋ ದಿನವಾಯಿತು. ನಾನು ಇನ್ನು ಯಾರಿಗೂ ವರದಿ ಕಳಿಸಬೇಕಾಗಿಲ್ಲ. ಆದರೂ ಇವತ್ತು ಬೆಳಿಗ್ಗೆ ಲಿಂಗವಿಟ್ಟ ಅಂಗೈಯನ್ನು ಮೆಲ್ಲಗೆ ಎತ್ತಿದೆ. ಗಡಿಯಾರ ಬೆಳಗಲಿಲ್ಲ. ಎಷ್ಟು ಹೊತ್ತಾಯಿತೆಂದು ನಾನೂ ನೋಡಲಿಲ್ಲ.